ಆನ್‌ಲೈನ್ ಪದವಿಯಲ್ಲಿ ಮತ್ತೆ ಮತ್ತೆ ಅನುತ್ತೀರ್ಣ: ಎಡವುತ್ತಿರುವುದು ಎಲ್ಲಿ?

ನಾಪೋಕ್ಲು ಕಡೆಯವನು
ಎಲ್ಲರಿಗೂ ನಮಸ್ಕಾರ. ನಾನು ಕೊಡಗಿನ ನಾಪೋಕ್ಲಿನಿಂದ ಸಾಕಷ್ಟು ಒಳಗಿರುವ ಹಳ್ಳಿಯವನು. ಪಿಯುಸಿ ಮುಗಿಯುವ ಹೊತ್ತಿಗೆ ತಂದೆಯವರ ಆರೋಗ್ಯ ಕೆಟ್ಟು ಕಾಫಿ ತೋಟದ ಹೊಣೆ ನನ್ನ ಮೇಲೆ ಬಿದ್ದುದರಿಂದ, ಮಡಿಕೇರಿಗೋ ವಿರಾಜಪೇಟೆಗೋ ದಿನಾ ಹೋಗಿಬಂದು ಓದುವ ಆಸೆ ಬಿಟ್ಟು, ಹೊರ ಜಿಲ್ಲೆಯ ವಿಶ್ವವಿದ್ಯಾಲಯವೊಂದರ ಆನ್‌ಲೈನ್ ಬಿ.ಕಾಂ.ಗೆ ಸೇರಿಕೊಂಡೆ. ಮೊದಲ ಸೆಮಿಸ್ಟರ್‌ನಲ್ಲಿ ಹಣಕಾಸು ಲೆಕ್ಕಶಾಸ್ತ್ರ ಹೋಯಿತು. ಎರಡನೆಯದರಲ್ಲಿ ಸಂಖ್ಯಾಶಾಸ್ತ್ರವೂ ವ್ಯವಹಾರ ಕಾನೂನೂ ಹೋದವು, ಲೆಕ್ಕಶಾಸ್ತ್ರ ಮತ್ತೆ ಬರೆದರೂ ಬರಲಿಲ್ಲ.

ನಾನು ವಿಡಿಯೊ ಪಾಠಗಳನ್ನು ಒಂದೂ ಬಿಡದೆ ನೋಡಿದ್ದೇನೆ. ಪೋರ್ಟಲ್‌ನಲ್ಲಿ ಪ್ರತಿ ಪಾಠದ ಮುಂದೆಯೂ ಹಸಿರು ಗುರುತು ಬಿದ್ದಿದೆ. ಅಸೈನ್‌ಮೆಂಟ್‌ಗಳಲ್ಲಿ ಅಂಕ ಚೆನ್ನಾಗಿಯೇ ಬರುತ್ತದೆ. ಪಾಠ ಕೇಳುವಾಗ ಎಲ್ಲ ಅರ್ಥವಾಗುತ್ತದೆ, ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಮಾತ್ರ ಪೆನ್ನು ಮುಂದಕ್ಕೆ ಹೋಗುವುದಿಲ್ಲ. ಫಲಿತಾಂಶದ ವಿಚಾರ ಮನೆಯಲ್ಲಿ ಇನ್ನೂ ಹೇಳಿಲ್ಲ. ಮುಂದುವರಿಸಬೇಕೋ, ಬಿಟ್ಟು ತೋಟವನ್ನೇ ನೋಡಿಕೊಳ್ಳಬೇಕೋ ತಿಳಿಯದಾಗಿದೆ. ಇದೇ ದಾರಿಯಲ್ಲಿ ಓದಿದವರು, ಓದಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಕುಶಾಲನಗರದವ
ಮೊದಲು ಒಂದು ವಿಷಯ ಸ್ಪಷ್ಟಪಡಿಸಿ. ಪರೀಕ್ಷೆಯನ್ನು ಮನೆಯಿಂದ ಬರೆಯುತ್ತೀರೋ, ಕೇಂದ್ರಕ್ಕೆ ಹೋಗಿ ಬರೆಯುತ್ತೀರೋ?

ನಾಪೋಕ್ಲು ಕಡೆಯವನು
ಮೈಸೂರಿನ ಕೇಂದ್ರದಲ್ಲಿ, ಉತ್ತರಪತ್ರಿಕೆಯ ಮೇಲೆ ಕೈಯಲ್ಲಿ ಬರೆಯುವ ಪರೀಕ್ಷೆ. ಪಾಠ ಮತ್ತು ಅಸೈನ್‌ಮೆಂಟ್ ಮಾತ್ರ ಆನ್‌ಲೈನ್.

ಭಾಗಮಂಡಲ ಮಳೆ
ಇಷ್ಟು ದೂರದ ಹಳ್ಳಿಯಲ್ಲಿ ಕುಳಿತು ಆನ್‌ಲೈನ್ ಓದುವ ಮಕ್ಕಳಿಗೆ ಯಾರೂ ನ್ಯಾಯ ಮಾಡುತ್ತಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಏನಾಗುತ್ತದೆ ಎಂಬುದು ಇಲ್ಲಿರುವ ಎಲ್ಲರಿಗೂ ಗೊತ್ತು. ಮರ ಬಿದ್ದು ಕರೆಂಟ್ ಹೋದರೆ ದಿನಗಟ್ಟಲೆ ಬರುವುದಿಲ್ಲ. ಕರೆಂಟ್ ಇಲ್ಲದೆ ಟವರಿನ ಬ್ಯಾಟರಿ ಮುಗಿದರೆ ಇದ್ದ ಒಂದು ಕಡ್ಡಿ ನೆಟ್‌ವರ್ಕ್ ಕೂಡ ಹೋಗುತ್ತದೆ. ತ್ರಿವೇಣಿ ಸಂಗಮ ತುಂಬಿದರೆ ತಗ್ಗಿನ ರಸ್ತೆಗಳೂ ಮುಳುಗುತ್ತವೆ. ಕೊರೊನಾ ಕಾಲದಲ್ಲಿ ಶನಿವಾರಸಂತೆ ಹತ್ತಿರದ ಮುಳ್ಳೂರಿನ ಶಾಲಾ ಶಿಕ್ಷಕರೊಬ್ಬರು ಮಕ್ಕಳಿಗೆ ಪಾಠ ಮಾಡಲು ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಅಂಥ ನೆಲದ ವಿದ್ಯಾರ್ಥಿಗೂ ಬೆಂಗಳೂರಿನ ವಿದ್ಯಾರ್ಥಿಗೂ ಒಂದೇ ಗಡುವು ಇಟ್ಟರೆ ಯಾರು ಹಿಂದೆ ಬೀಳುತ್ತಾರೆ? ತಮ್ಮಾ, ಇದು ನಿನ್ನ ತಪ್ಪಲ್ಲ.

ಕುಶಾಲನಗರದವ
ಅಣ್ಣ, ನೀವು ಹೇಳಿದ ಕಷ್ಟ ನೂರಕ್ಕೆ ನೂರು ನಿಜ. ಆದರೆ ಈ ಹುಡುಗನ ವಿಚಾರದಲ್ಲಿ ಅದು ಕಾರಣವಲ್ಲ ಎಂದು ಅವರೇ ಬರೆದಿದ್ದಾರೆ. ವಿಡಿಯೊಗಳು ಪೂರ್ತಿ ಆಗಿವೆ, ಅಸೈನ್‌ಮೆಂಟ್‌ಗಳು ಸಮಯಕ್ಕೆ ಹೋಗಿವೆ. ನೆಟ್‌ವರ್ಕ್ ಸರಿಹೋದರೂ ಇವರ ಅಂಕ ಏರುವುದಿಲ್ಲ. ಬೇರೇನೋ ಆಗುತ್ತಿದೆ, ಅದನ್ನು ಹುಡುಕೋಣ.

ಲೆಕ್ಕದ ಮೇಡಂ
ನಾನು ಜಿಲ್ಲೆಯ ಕಾಲೇಜೊಂದರಲ್ಲಿ ವಾಣಿಜ್ಯ ವಿಭಾಗದಲ್ಲಿ ಬಹಳ ವರ್ಷ ಪಾಠ ಮಾಡಿ ನಿವೃತ್ತಳಾದವಳು. "ಕೇಳುವಾಗ ಅರ್ಥವಾಗುತ್ತದೆ, ಬರೆಯುವಾಗ ಬರುವುದಿಲ್ಲ" ಎಂಬ ಮಾತನ್ನು ತರಗತಿಯಲ್ಲಿ ಎದುರು ಕುಳಿತ ಮಕ್ಕಳಿಂದಲೂ ಕೇಳಿದ್ದೇನೆ. ಆದರೆ ತರಗತಿಯಲ್ಲಿ ಒಂದು ಅನುಕೂಲವಿತ್ತು. ಬೋರ್ಡಿನ ಮೇಲೆ ಒಂದು ಲೆಕ್ಕ ಬಿಡಿಸಿ ಇನ್ನೊಂದನ್ನು ಕೊಟ್ಟು, ಬೆಂಚುಗಳ ನಡುವೆ ಓಡಾಡಿ, ಯಾರ ಪುಸ್ತಕ ಖಾಲಿ ಇದೆಯೆಂದು ನೋಡುತ್ತಿದ್ದೆವು. ವಿಡಿಯೊ ಆ ಕೆಲಸ ಮಾಡುವುದಿಲ್ಲ. ನೀವು ಬರೆದರೂ ಬರೆಯದಿದ್ದರೂ ಅದು ಹಸಿರು ಗುರುತು ಹಾಕಿ ಮುಂದಕ್ಕೆ ಹೋಗುತ್ತದೆ. ಇನ್ನೊಬ್ಬರು ನೂಲ್‌ಪುಟ್ಟು (ಅಕ್ಕಿ ಶ್ಯಾವಿಗೆ) ಒತ್ತುವುದನ್ನು ಎಷ್ಟು ದಿನ ನೋಡಿದರೂ ನಮ್ಮ ಕೈ ಪಳಗುವುದಿಲ್ಲ.

ಒಂದು ಲೆಕ್ಕವನ್ನೇ ತೆಗೆದುಕೊಳ್ಳೋಣ. 1,00,000 ರೂಪಾಯಿಯ ಯಂತ್ರವನ್ನು ಅಕ್ಟೋಬರ್ 1ರಂದು ಕೊಂಡಿದ್ದಾರೆ. ಪ್ರತಿವರ್ಷ ಮಾರ್ಚ್ 31ಕ್ಕೆ ಲೆಕ್ಕ ಮುಗಿಸುತ್ತಾರೆ. ಇಳಿಕೆಯಾಗುತ್ತ ಬರುವ ಬೆಲೆಯ ಮೇಲೆ ವರ್ಷಕ್ಕೆ ಶೇಕಡ 10ರಂತೆ ಸವಕಳಿ, ಅಂದರೆ ಬಳಕೆಯಿಂದ ಯಂತ್ರದ ಬೆಲೆ ಕುಗ್ಗುವ ಮೊತ್ತ, ಕಳೆಯಬೇಕು. ವಿಡಿಯೊ ನೋಡಿದ ವಿದ್ಯಾರ್ಥಿ ಮೊದಲ ವರ್ಷಕ್ಕೆ 10,000, ಎರಡನೆಯ ವರ್ಷಕ್ಕೆ 9,000 ಎಂದು ಬರೆದು ಮುಂದೆ ಹೋಗುತ್ತಾನೆ. ಕೈಯಲ್ಲಿ ಬಿಡಿಸಿ ಅಭ್ಯಾಸವಿರುವವನು ದಿನಾಂಕದ ಹತ್ತಿರ ನಿಲ್ಲುತ್ತಾನೆ. ಮೊದಲ ವರ್ಷ ಯಂತ್ರ ಇದ್ದದ್ದು ಆರೇ ತಿಂಗಳು, ಆದ್ದರಿಂದ ಸವಕಳಿ 5,000, ಉಳಿದ ಬೆಲೆ 95,000. ಎರಡನೆಯ ವರ್ಷ 9,500 ಕಳೆದು 85,500. ಮೊದಲ ಸಾಲಿನಲ್ಲಿ ದಿನಾಂಕ ತಪ್ಪಿದರೆ ಕೆಳಗಿನ ಪ್ರತಿ ಸಾಲೂ ತಪ್ಪುತ್ತದೆ, ಖಾತೆ ತಾಳೆಯಾಗುವುದಿಲ್ಲ, ಹುಡುಗ ಗಾಬರಿಯಾಗಿ ಉತ್ತರವನ್ನೇ ಹೊಡೆದುಹಾಕುತ್ತಾನೆ. ಇದನ್ನು ಬುದ್ಧಿಯ ಕೊರತೆ ಎನ್ನಲಾಗದು, ಇದು ಕೈ ಅಭ್ಯಾಸದ ಕೊರತೆ.

ಮಗನೇ, ನಿನ್ನ ನೋಟ್ ಪುಸ್ತಕದಲ್ಲಿ ವಿಡಿಯೊ ಮುಚ್ಚಿಟ್ಟು ನೀನೇ ಬಿಡಿಸಿದ ಲೆಕ್ಕಗಳು ಎಷ್ಟಿವೆ, ನೋಡಿ ಹೇಳು.

ಗೋಣಿಕೊಪ್ಪಲು ಹಿರಿಯ
ನನ್ನ ಮಾತು ಕಟುವೆನಿಸಬಹುದು. ಆನ್‌ಲೈನ್ ಪದವಿಗೆ ನಾಳೆ ಕೆಲಸ ಕೊಡುವವರು ಯಾರೂ ಇಲ್ಲ. ಇಷ್ಟು ವಿಷಯ ಉಳಿಸಿಕೊಂಡು ಹಣ ಕಟ್ಟುತ್ತಾ ಹೋಗುವುದಕ್ಕಿಂತ, ಒಂದು ವರ್ಷ ಹೋದರೆ ಹೋಗಲಿ ಎಂದು ಹತ್ತಿರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಸೇರಿ. ಶುಲ್ಕವೂ ಕಡಿಮೆ, ಮೇಷ್ಟರೂ ಎದುರಿಗಿರುತ್ತಾರೆ.

ಸೋಮವಾರಪೇಟೆ ಓದುಗ
ಎರಡನೆಯ ಭಾಗವನ್ನು ಒಪ್ಪುತ್ತೇನೆ, ಮೊದಲನೆಯದನ್ನು ಒಪ್ಪಲಾರೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2020ರ ಮುಕ್ತ, ದೂರ ಮತ್ತು ಆನ್‌ಲೈನ್ ಶಿಕ್ಷಣದ ನಿಯಮಾವಳಿಯ ಪ್ರಕಾರ, ಮಾನ್ಯತೆ ಪಡೆದ ಸಂಸ್ಥೆ ಆನ್‌ಲೈನ್‌ನಲ್ಲಿ ಕೊಡುವ ಪದವಿ ರೆಗ್ಯುಲರ್ ಪದವಿಗೆ ಸಮಾನ. 2022ರಲ್ಲಿ ಯುಜಿಸಿ ಇದನ್ನು ಮತ್ತೊಮ್ಮೆ ಸ್ಪಷ್ಟಪಡಿಸಿದೆ. ನೋಡಬೇಕಾದದ್ದು ಆ ವಿಶ್ವವಿದ್ಯಾಲಯಕ್ಕೆ ಆ ಕೋರ್ಸಿಗೆ ಆ ವರ್ಷದ ಅನುಮತಿ ಇತ್ತೇ ಎಂಬುದನ್ನು ಮಾತ್ರ. ಹಿರಿಯರು ಹೀಗೆ ಹೇಳಿದರೆ ಓದುತ್ತಿರುವವರ ಉತ್ಸಾಹವೇ ಕುಗ್ಗುತ್ತದೆ.

ಅದೇ ನಿಯಮಾವಳಿಯಲ್ಲಿ ಇನ್ನೊಂದು ಮುಖ್ಯ ಅಂಶವಿದೆ. ಆಂತರಿಕ ಮೌಲ್ಯಮಾಪನಕ್ಕೆ ಹೆಚ್ಚೆಂದರೆ ಶೇಕಡ 30, ಸೆಮಿಸ್ಟರ್ ಕೊನೆಯ ಪರೀಕ್ಷೆಗೆ ಕನಿಷ್ಠ ಶೇಕಡ 70 ಅಂಕ. ಇಗ್ನೋ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿಯೂ ಬಹುತೇಕ ಕೋರ್ಸ್‌ಗಳಿಗೆ 30–70 ಎಂದೇ ಇದೆ. ಅಂದರೆ ಪೋರ್ಟಲ್‌ನಲ್ಲಿ ವಾರವಾರ ಕಾಣುವ ಪ್ರಗತಿಯೆಲ್ಲ ಮೂವತ್ತರ ಒಳಗಿನದು. ಎಪ್ಪತ್ತರ ಬಗ್ಗೆ ಆ ಪರದೆ ಏನೂ ಹೇಳುವುದಿಲ್ಲ.

ಗೋಣಿಕೊಪ್ಪಲು ಹಿರಿಯ
ನಿಯಮದಲ್ಲಿ ಸಮಾನ ಎಂದಿರುವುದನ್ನು ಒಪ್ಪಿಕೊಂಡೆ. ಆದರೂ ಹದಿನೆಂಟು ವರ್ಷದ ಹುಡುಗನಿಗೆ ಎದುರಿಗೆ ಒಬ್ಬ ಗುರು ಬೇಕು ಎಂಬ ಮಾತನ್ನು ಬಿಡುವುದಿಲ್ಲ.

ಲೆಕ್ಕದ ಮೇಡಂ
ಆ ಮಾತನ್ನು ಬಿಡಬೇಕಾಗಿಯೂ ಇಲ್ಲ, ಸರ್. ಗುರು ಕಾಲೇಜಿನಲ್ಲೇ ಸಿಗಬೇಕೆಂದಿಲ್ಲ ಎಂಬುದಷ್ಟೇ ನನ್ನ ಸೇರ್ಪಡೆ.

ನಾಪೋಕ್ಲು ಕಡೆಯವನು
ಮೇಡಂ, ಪುಸ್ತಕ ತೆಗೆದು ನೋಡಿದೆ. ಇರುವುದೆಲ್ಲ ವಿಡಿಯೊ ನಿಲ್ಲಿಸಿ ನಿಲ್ಲಿಸಿ ಪರದೆಯಿಂದ ಬರೆದುಕೊಂಡ ಲೆಕ್ಕಗಳು. ನಾನೇ ಮೊದಲಿನಿಂದ ಕೊನೆಯವರೆಗೆ ಬಿಡಿಸಿದ್ದು ಒಂದೂ ಇಲ್ಲ.

ಅಂಕಪಟ್ಟಿಯನ್ನೂ ಈಗ ಸರಿಯಾಗಿ ನೋಡಿದೆ. ಲೆಕ್ಕಶಾಸ್ತ್ರದಲ್ಲಿ ಆಂತರಿಕ 30ಕ್ಕೆ 26, ಪರೀಕ್ಷೆಯಲ್ಲಿ 70ಕ್ಕೆ 16. ಒಟ್ಟು 42 ಆಗುತ್ತದೆ, ಆದರೂ ಅನುತ್ತೀರ್ಣ ಎಂದು ಹಾಕಿದ್ದಾರೆ. ಇದು ಹೇಗೆ?

ಸೋಮವಾರಪೇಟೆ ಓದುಗ
ಅನೇಕ ವಿಶ್ವವಿದ್ಯಾಲಯಗಳು ಕೊನೆಯ ಪರೀಕ್ಷೆಗೆ ಪ್ರತ್ಯೇಕ ಕನಿಷ್ಠ ಅಂಕ ಇಟ್ಟಿರುತ್ತವೆ. ಅದು ಬಾರದೆ ಒಟ್ಟು ಎಷ್ಟಾದರೂ ಪ್ರಯೋಜನವಿಲ್ಲ. ನಿಮ್ಮಲ್ಲಿ ಆ ಕನಿಷ್ಠ ಎಷ್ಟೆಂಬುದು ಪ್ರವೇಶದ ವೇಳೆ ಕೊಟ್ಟ ಕೈಪಿಡಿಯಲ್ಲಿ, ಪರೀಕ್ಷಾ ನಿಯಮಗಳ ಭಾಗದಲ್ಲಿ ಇರುತ್ತದೆ. ಅದೇ ಪುಟಗಳಲ್ಲಿ ಇನ್ನೂ ಕೆಲವನ್ನು ನೋಡಿಕೊಳ್ಳಿ: ಅನುತ್ತೀರ್ಣವಾಗಿ ಉಳಿದ ವಿಷಯಕ್ಕೆ ಮತ್ತೆ ಆಂತರಿಕ ಅಸೈನ್‌ಮೆಂಟ್ ಬರೆಯಬೇಕೇ, ಹಳೆಯ ಅಂಕವೇ ಮುಂದುವರಿಯುತ್ತದೆಯೇ, ಪದವಿ ಮುಗಿಸಲು ಗರಿಷ್ಠ ಎಷ್ಟು ವರ್ಷ ಅವಕಾಶವಿದೆ, ಉತ್ತರಪತ್ರಿಕೆಯ ನಕಲು ಕೇಳಬಹುದೇ. ಉದಾಹರಣೆಗೆ ಇಗ್ನೋದ ಮೂರು ವರ್ಷದ ಪದವಿಗೆ ಆರು ವರ್ಷದವರೆಗೆ ಅವಕಾಶವಿದೆ. ಇಂಥ ಅವಧಿ ನಿಮ್ಮಲ್ಲಿಯೂ ಇದ್ದರೆ, ಗಾಬರಿಯಿಂದ ಎಲ್ಲವನ್ನೂ ಒಂದೇ ಸಲ ಬರೆಯುವ ಅಗತ್ಯವೇ ಇರುವುದಿಲ್ಲ.

ಕುಶಾಲನಗರದವ
ಗಂಟೆಗಳ ಲೆಕ್ಕವನ್ನೂ ಒಮ್ಮೆ ನೋಡಿ. ದೂರ ಶಿಕ್ಷಣದಲ್ಲಿ ಒಂದು ಕ್ರೆಡಿಟ್ ಎಂದರೆ ಸುಮಾರು 30 ಗಂಟೆಗಳ ಓದು. ನಾಲ್ಕು ಕ್ರೆಡಿಟ್‌ನ ಒಂದು ವಿಷಯಕ್ಕೆ 120 ಗಂಟೆ. ಇಂಥ ಐದು ವಿಷಯಗಳಿದ್ದರೆ 600 ಗಂಟೆ. ಸೆಮಿಸ್ಟರ್‌ನಲ್ಲಿ ಇಪ್ಪತ್ತು ವಾರ ಸಿಕ್ಕಿದರೂ ವಾರಕ್ಕೆ 30 ಗಂಟೆಯಾಯಿತು. ಇದರಲ್ಲಿ ವಿಡಿಯೊಗೆ ಹೋಗುವುದು ಸಣ್ಣ ಪಾಲು, ಉಳಿದದ್ದು ಪುಸ್ತಕ ಓದುವುದಕ್ಕೆ, ಬರೆಯುವುದಕ್ಕೆ, ಲೆಕ್ಕ ಬಿಡಿಸುವುದಕ್ಕೆ. ಪ್ರವೇಶ ಮಾಡಿಸುವ ಏಜೆಂಟರು "ದಿನಕ್ಕೆ ಒಂದು ಗಂಟೆ ಸಾಕು" ಎಂದು ಹೇಳುತ್ತಾರೆ. ಅದನ್ನು ನಂಬಿ ಸೇರಿದವರೇ ಹೆಚ್ಚಾಗಿ ಕಷ್ಟಕ್ಕೆ ಸಿಕ್ಕುತ್ತಾರೆ.

ಕಾಫಿ ಕಣ
ವಾರಕ್ಕೆ ಮೂವತ್ತು ಗಂಟೆಯನ್ನು ತೋಟದ ಕೆಲಸವಿರುವವನು ಎಲ್ಲಿಂದ ತರಬೇಕು? ನವೆಂಬರ್ ಕೊನೆಗೆ ಅರೇಬಿಕಾ ಕುಯ್ಲು ಶುರುವಾದರೆ, ಅದರ ಬೆನ್ನಿಗೆ ರೊಬಸ್ಟಾ ಬಂದು ಫೆಬ್ರವರಿ ದಾಟುತ್ತದೆ. ಬೆಳಿಗ್ಗೆ ಆಳುಗಳನ್ನು ಕರೆತರಬೇಕು, ಸಂಜೆ ಚೀಲ ತೂಗಿ ಲೆಕ್ಕ ಬರೆಯಬೇಕು, ಕಣದಲ್ಲಿ ಹಣ್ಣು ಹರಡಬೇಕು, ಅಕಾಲದಲ್ಲಿ ಮೋಡ ಕಟ್ಟಿದರೆ ರಾತ್ರೋರಾತ್ರಿ ರಾಶಿ ಮಾಡಿ ಟಾರ್ಪಾಲು ಮುಚ್ಚಬೇಕು. ಅಷ್ಟರಲ್ಲಿ ಕಾಫಿ ಹೂ ಅರಳಿಸುವ ಹೂ ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಪೈಪು ಎಳೆಯುವ ಕೆಲಸ. ಡಿಸೆಂಬರ್–ಜನವರಿಯಲ್ಲಿ ಪರೀಕ್ಷೆ ಇಟ್ಟರೆ ಕೊಡಗಿನ ತೋಟದ ಮನೆಯ ಹುಡುಗ ಏನು ಮಾಡಬೇಕು? ಗಂಟೆ ಎಣಿಸುವುದು ಸುಲಭ, ಬದುಕಿ ತೋರಿಸುವುದು ಕಷ್ಟ.

ಕುಶಾಲನಗರದವ
ಅಣ್ಣ, ನಿಮ್ಮ ಕೋಪ ಅರ್ಥವಾಗುತ್ತದೆ. ಆದರೆ ನಾನು ಗಂಟೆ ಎಣಿಸಿದ್ದು ಇದಕ್ಕೇ. ವರ್ಷವಿಡೀ ಒಂದೇ ವೇಗದಲ್ಲಿ ಓದಲು ತೋಟದವನಿಗೆ ಆಗುವುದಿಲ್ಲ ಎಂದ ಮೇಲೆ, ವೇಗವನ್ನು ತೋಟದ ಕ್ಯಾಲೆಂಡರಿಗೆ ಹೊಂದಿಸಬೇಕು. ಮಳೆಗಾಲದಲ್ಲಿ ಹೊರಗಿನ ಕೆಲಸ ಕಡಿಮೆ, ನೆಟ್‌ವರ್ಕ್ ಇರದಿದ್ದರೂ ಪುಸ್ತಕ ಇರುತ್ತದೆ. ಬಿಡಿಸಬೇಕಾದ ಲೆಕ್ಕಗಳ ಹೆಚ್ಚಿನ ಭಾಗವನ್ನು ಕಕ್ಕಡದ (ಆಷಾಢದ ಹೊತ್ತಿನ) ಮಳೆಯಲ್ಲಿ ಮನೆಯೊಳಗೆ ಕುಳಿತಿರುವಾಗ ಮುಗಿಸಿ, ಕುಯ್ಲಿನ ತಿಂಗಳುಗಳಿಗೆ ಪುನರಾವರ್ತನೆಯನ್ನಷ್ಟೇ ಇಟ್ಟುಕೊಳ್ಳುವುದು ಆಗದ ಮಾತಲ್ಲ. ಕುಯ್ಲಿನ ಸೆಮಿಸ್ಟರ್‌ನಲ್ಲಿ, ಅನುತ್ತೀರ್ಣವಾಗಿ ಉಳಿದ ವಿಷಯಗಳನ್ನು ಹೊಸ ವಿಷಯಗಳ ಜೊತೆ ಒಟ್ಟಿಗೆ ಬರೆಯುವುದೂ ಬೇಡ.

ಕಾಫಿ ಕಣ
ಈ ಮಾತನ್ನು ಒಪ್ಪಬಹುದು. ಹಾಗಾದರೆ ಮನೆಯವರಿಗೂ ಇದನ್ನು ತಿಳಿಸಿ, ಕುಯ್ಲಿನ ಸಮಯದಲ್ಲಿ ದಿನಕ್ಕೆ ಒಂದು ಹೊತ್ತು ಓದಿಗೆಂದು ಬಿಡಿಸಿಕೊಳ್ಳಬೇಕು. ಮನೆಯವರಿಗೆ ಗೊತ್ತಿಲ್ಲದೆ ಇದು ನಡೆಯುವುದಿಲ್ಲ.

ಅಮ್ಮತ್ತಿ ಅಕ್ಕ
ನಾನು ಮದುವೆಯಾಗಿ ಮಕ್ಕಳಾದ ಮೇಲೆ ಆನ್‌ಲೈನ್‌ನಲ್ಲಿ ಎಂ.ಎ. ಓದುತ್ತಿರುವವಳು. ಮನೆಯಲ್ಲಿ ಕುಳಿತು ಓದುವವರ ಕಷ್ಟ ಬೇರೆಯೇ ಇರುತ್ತದೆ. ಕಾಲೇಜಿಗೆ ಹೊರಟರೆ "ಓದಲು ಹೋಗಿದ್ದಾಳೆ" ಎನ್ನುತ್ತಾರೆ. ಮನೆಯಲ್ಲಿ ಫೋನ್ ಹಿಡಿದು ಕುಳಿತರೆ "ಸುಮ್ಮನೆ ಕೂತಿದ್ದಾಳೆ" ಎನ್ನುತ್ತಾರೆ. ಪಾಠ ಅರ್ಧಕ್ಕೆ ಬಂದಾಗ ಗ್ಯಾಸ್ ಬಂತು, ನೆಂಟರು ಬಂದರು, ಮಗುವಿಗೆ ಹಸಿವಾಯಿತು. ಆಮೇಲೆ ಅದೇ ಪಾಠವನ್ನು ಮೊದಲಿನಿಂದ ಹಾಕಿ, ಅರ್ಧಕ್ಕೆ ಬರುವ ಹೊತ್ತಿಗೆ ಮತ್ತೆ ಏಳಬೇಕು. ತಿಂಗಳ ಕೊನೆಗೆ ನೋಡಿದರೆ ಎಲ್ಲ ಪಾಠಗಳ ಮೊದಲರ್ಧ ಬಾಯಿಪಾಠವಾಗಿದೆ, ಎರಡನೆಯ ಅರ್ಧ ಒಂದೂ ಗೊತ್ತಿಲ್ಲ.

ನನಗೆ ಸಹಾಯವಾದದ್ದು ಮೇಜು. ಮನೆಯ ಹೊರ ಜಗಲಿಯ ಮೂಲೆಯಲ್ಲಿ ಒಂದು ಮೇಜು ಹಾಕಿಸಿಕೊಂಡು, ಅಲ್ಲಿ ಕುಳಿತಾಗ ಕರೆಯಬಾರದು ಎಂದು ಅತ್ತೆಯವರೊಡನೆ ಮಾತಾಡಿ ಒಪ್ಪಿಸಿಕೊಂಡೆ. ಅತ್ತೆಯವರೇ ಈಗ ಬಂದವರಿಗೆ "ಅವಳು ಕಾಲೇಜಿನಲ್ಲಿದ್ದಾಳೆ" ಎಂದು ಹೇಳಿ ಕಳಿಸುತ್ತಾರೆ.

ನನ್ನದು ಮನೆಯಿಂದಲೇ ಕ್ಯಾಮೆರಾ ಮುಂದೆ ಬರೆಯುವ ಪರೀಕ್ಷೆ. ಒಂದು ವಿಷಯದ ನಡುವೆ ಕರೆಂಟ್ ಹೋಗಿ ಸಂಪರ್ಕ ಕಡಿದು ಗೈರುಹಾಜರಿ ಎಂದು ಬಂತು. ಇಂಥದ್ದಕ್ಕೆ ಏನು ಮಾಡಬಹುದು ಎಂದು ಗೊತ್ತಿರುವವರು ಹೇಳಿದರೆ ಉಪಕಾರವಾಗುತ್ತದೆ.

ಕುಶಾಲನಗರದವ
ಅಕ್ಕ, ಸಂಪರ್ಕ ಕಡಿದ ಕೂಡಲೇ ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ. ಕಂಪ್ಯೂಟರ್ ಆರಿಹೋಗಿದ್ದರೆ ಫೋನಿನಲ್ಲಿ ಗಡಿಯಾರವೂ ಕಾಣುವಂತೆ ಫೋಟೊ ತೆಗೆಯಿರಿ. ಆ ಹೊತ್ತಿನ ವಿದ್ಯುತ್ ದೂರಿಗೆ ಸಿಗುವ ದೂರು ಸಂಖ್ಯೆಯನ್ನು ಬರೆದಿಡಿ. ಅದೇ ದಿನ, ಆ ದಿನವೇ, ಪರೀಕ್ಷಾ ವಿಭಾಗಕ್ಕೆ ಇಮೇಲ್ ಕಳಿಸಿ. ಫೋನಿನಲ್ಲಿ ಹೇಳಿದ್ದಕ್ಕೆ ದಾಖಲೆ ಉಳಿಯುವುದಿಲ್ಲ. ಇಮೇಲ್‌ನಲ್ಲಿ ನೋಂದಣಿ ಸಂಖ್ಯೆ, ವಿಷಯ, ಎಷ್ಟು ಗಂಟೆಗೆ ಕಡಿಯಿತು, ಎಷ್ಟು ಗಂಟೆಗೆ ಮರಳಿತು, ನಿಮ್ಮ ಕೋರಿಕೆ ಏನು, ಇಷ್ಟನ್ನು ಬರೆದರೆ ಸಾಕು. ಮುಂದಿನ ಸಲಕ್ಕೆ, ಕೇಂದ್ರಕ್ಕೆ ಹೋಗಿ ಬರೆಯುವ ಆಯ್ಕೆ ಇದೆಯೇ ಎಂದು ಈಗಲೇ ಕೇಳಿ. ಯುಜಿಸಿ ನಿಯಮ ಎರಡೂ ಬಗೆಯ ಪರೀಕ್ಷೆಗೆ ಅವಕಾಶ ಕೊಟ್ಟಿದೆ. ಯಾವುದನ್ನು ನಡೆಸಬೇಕೆಂಬುದು ಸಂಸ್ಥೆಗೆ ಬಿಟ್ಟದ್ದು. ಮಳೆಗಾಲದ ಪರೀಕ್ಷೆಯನ್ನು ಕೊಡಗಿನ ಮನೆಯಿಂದ ಬರೆಯುವುದಕ್ಕಿಂತ ಮೈಸೂರಿನವರೆಗೆ ಬಸ್ಸಿನಲ್ಲಿ ಹೋಗಿ ಬರೆಯುವುದು ನೆಮ್ಮದಿ.

ಭಾಗಮಂಡಲ ಮಳೆ
ನೋಡಿ, ಕೊನೆಗೂ ಕರೆಂಟು, ನೆಟ್‌ವರ್ಕಿಗೇ ಬಂದೆವು.

ಮಡಿಕೇರಿ ಗ್ರಂಥಪ್ರೇಮಿ
ನೆಟ್‌ವರ್ಕ್ ಕಡಿಮೆ ಇರುವವರಿಗೆ ಒಂದು ಮಾಹಿತಿ. ಇಗ್ನೋದ ಅಧ್ಯಯನ ಪುಸ್ತಕಗಳು ಅವರದೇ ಇಜ್ಞಾನಕೋಶ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ನೀವು ಬೇರೆ ವಿಶ್ವವಿದ್ಯಾಲಯದವರಾದರೂ ಅಡ್ಡಿಯಿಲ್ಲ. ಲೆಕ್ಕಶಾಸ್ತ್ರದ ಒಂದು ಘಟಕದ ಪಿಡಿಎಫ್ ಇಳಿಸಿಕೊಳ್ಳಲು ಒಂದು ವಿಡಿಯೊಗೆ ಬೇಕಾಗುವುದರ ಸಣ್ಣ ಪಾಲು ಡೇಟಾ ಸಾಕು, ಒಮ್ಮೆ ಮುದ್ರಿಸಿಕೊಂಡರೆ ಕರೆಂಟಿನ ಹಂಗೂ ಇಲ್ಲ. ಪ್ರತಿ ಘಟಕದಲ್ಲಿ ನಡುನಡುವೆ ಪ್ರಶ್ನೆ, ಕೊನೆಯಲ್ಲಿ ಉತ್ತರ ಇರುತ್ತವೆ. 2017ರಲ್ಲಿ ಆರಂಭವಾದ ಸ್ವಯಂ ಎಂಬ ಕೇಂದ್ರ ಸರ್ಕಾರದ ಕಲಿಕಾ ತಾಣದಲ್ಲಿಯೂ ವಾಣಿಜ್ಯದ ಪಾಠಗಳು ಉಚಿತ. ಪ್ರಮಾಣಪತ್ರದ ಪರೀಕ್ಷೆ ಬೇಕೆನ್ನುವವರು ಮಾತ್ರ ಶುಲ್ಕ ಕಟ್ಟಬೇಕು.

ಸಿದ್ದಾಪುರ ಹುಡುಗಿ
ಕನ್ನಡ ಮಾಧ್ಯಮದಲ್ಲಿ ಓದಿ ಬಂದವರ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ತಂದೆತಾಯಿ ತೋಟದ ಕಾರ್ಮಿಕರ ಲೈನ್ ಮನೆಯಲ್ಲಿರುವವರು, ನಾನು ಪಿಯುಸಿವರೆಗೆ ಸರ್ಕಾರಿ ಶಾಲೆ, ಕಾಲೇಜಿನಲ್ಲಿ ಕನ್ನಡದಲ್ಲೇ ಕಲಿತವಳು. ಆನ್‌ಲೈನ್ ಪಾಠದಲ್ಲಿ ಉಪನ್ಯಾಸಕರು ಇಂಗ್ಲಿಷಿನಲ್ಲಿ ಓಡಿಸಿಕೊಂಡು ಹೋಗುತ್ತಾರೆ. ತರಗತಿಯಲ್ಲಾದರೆ ಪಕ್ಕದವಳನ್ನು ಕೇಳಬಹುದಿತ್ತು. ಇಲ್ಲಿ ಪಕ್ಕದಲ್ಲಿ ಯಾರೂ ಇಲ್ಲ. ಎಷ್ಟೋ ಜನ ವಿಷಯ ಗೊತ್ತಿದ್ದೂ ಪ್ರಶ್ನೆಯ ಭಾಷೆಯಲ್ಲಿ ಸೋಲುತ್ತಿದ್ದಾರೆ.

ಲೆಕ್ಕದ ಮೇಡಂ
ತುಂಬಾ ಒಳ್ಳೆಯ ವಿಷಯ ಎತ್ತಿದೆ, ಮಗಳೇ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಕನ್ನಡ ಮಾಧ್ಯಮದ ಬಿ.ಕಾಂ. ಪುಸ್ತಕಗಳು ಯಾರ ಬಳಿಯಾದರೂ ಸಿಕ್ಕರೆ ಪಕ್ಕದಲ್ಲಿಟ್ಟುಕೊ. ತಾಳೆಪಟ್ಟಿ, ಅಢಾವೆ ಪತ್ರಿಕೆ, ಸವಕಳಿ, ಮೀಸಲು ನಿಧಿ ಇವುಗಳನ್ನು ಕನ್ನಡದಲ್ಲಿ ಒಮ್ಮೆ ತಿಳಿದುಕೊಂಡು ಆಮೇಲೆ ಇಂಗ್ಲಿಷ್ ಪಾಠ ಕೇಳಿದರೆ ಅರ್ಧ ಭಾರ ಇಳಿಯುತ್ತದೆ. ವಿಡಿಯೊ ವೇಗವನ್ನು ಮುಕ್ಕಾಲಿಗೆ ಇಳಿಸಿ, ಕೆಳಗೆ ಅಕ್ಷರ ಬರುವಂತೆ ಮಾಡಿಕೊ. ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವ ಕ್ರಿಯಾಪದಗಳನ್ನು, ಅಂದರೆ ವಿವರಿಸಿ, ಹೋಲಿಸಿ, ಲೆಕ್ಕ ಹಾಕಿ, ಸಮರ್ಥಿಸಿ ಎಂಬುವನ್ನು, ಇಂಗ್ಲಿಷಿನಲ್ಲಿ ಗುರುತಿಸಲು ಕಲಿ. ಅವು ಬಹಳ ಇಲ್ಲ. ಕನ್ನಡದಲ್ಲಿ ಉತ್ತರ ಬರೆಯಲು ನಿನ್ನ ವಿಶ್ವವಿದ್ಯಾಲಯ ಅವಕಾಶ ಕೊಡುತ್ತದೆಯೇ ಎಂದು ಬರಹದಲ್ಲೇ ಕೇಳು.

ಪೊನ್ನಂಪೇಟೆ ಉಪನ್ಯಾಸಕ
ಅಸೈನ್‌ಮೆಂಟ್ ಅಂಕದ ಬಗ್ಗೆ ನನಗೊಂದು ಆತಂಕವಿದೆ. ಈಚೆಗೆ ಮೌಲ್ಯಮಾಪನಕ್ಕೆ ಬರುವ ಅಸೈನ್‌ಮೆಂಟ್‌ಗಳಲ್ಲಿ ಸಾಲಿಗೆ ಸಾಲು ಒಂದೇ ಥರ ಇರುತ್ತವೆ. ಚಾಟ್‌ಜಿಪಿಟಿಯಂಥದ್ದರಿಂದ ಬರೆಸಿದ್ದೆಂದು ಓದಿದ ಕೂಡಲೇ ತಿಳಿಯುತ್ತದೆ. ಈ ಹುಡುಗ ಹಾಗೆ ಮಾಡಿದ್ದಾನೆ ಎಂದು ನಾನು ಹೇಳುತ್ತಿಲ್ಲ. ಆದರೆ 26 ಮತ್ತು 16ರ ನಡುವಿನ ಅಂತರ ಎಷ್ಟೋ ಅಂಕಪಟ್ಟಿಗಳಲ್ಲಿ ಕಾಣುತ್ತಿದೆ. ಅಸೈನ್‌ಮೆಂಟ್ ಎಂಬುದು ಪರೀಕ್ಷೆಗೆ ಮೊದಲು ಎಡವಿ ಕಲಿಯಲು ಇರುವ ಒಂದೇ ಜಾಗ. ಅದನ್ನು ಯಂತ್ರದ ಕೈಗೆ ಕೊಟ್ಟರೆ ಮೊದಲ ಎಡವು ಪರೀಕ್ಷಾ ಕೊಠಡಿಯಲ್ಲೇ ಆಗುತ್ತದೆ.

ಸಿದ್ದಾಪುರ ಹುಡುಗಿ
ಸರ್, ಅರ್ಥವಾಗದ ಭಾಗವನ್ನು ಕನ್ನಡದಲ್ಲಿ ವಿವರಿಸು ಎಂದು ಅದನ್ನೇ ಕೇಳಿ ನಾನು ಕಲಿಯುತ್ತೇನೆ. ಪಕ್ಕದಲ್ಲಿ ಯಾರೂ ಇಲ್ಲದವರಿಗೆ ಅದೂ ಒಂದು ಆಸರೆ. ಎಲ್ಲ ಬಳಕೆಯನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ.

ಪೊನ್ನಂಪೇಟೆ ಉಪನ್ಯಾಸಕ
ನಿಮ್ಮ ಮಾತು ಸರಿ. ವಿವರಣೆ ಕೇಳುವುದಕ್ಕೆ ನನ್ನ ಆಕ್ಷೇಪವಿಲ್ಲ. ಕೇಳಿದ ಮೇಲೆ ಅದನ್ನು ಮುಚ್ಚಿಟ್ಟು ನಿಮ್ಮದೇ ವಾಕ್ಯದಲ್ಲಿ ಬರೆದು ನೋಡಿ, ಹೇಳಿದ್ದು ಸರಿಯೇ ಎಂದು ಪುಸ್ತಕದಲ್ಲೂ ತಾಳೆ ನೋಡಿ ಎಂಬುದಷ್ಟೇ ನನ್ನ ಕೋರಿಕೆ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ತೋರಿಸುತ್ತದೆ. ಒಂದು ಪಠ್ಯವನ್ನು ಮತ್ತೆ ಮತ್ತೆ ಓದಿದ ವಿದ್ಯಾರ್ಥಿಗಳು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಓದಿ, ಮುಚ್ಚಿಟ್ಟು, ನೆನಪಿನಿಂದ ಬರೆದವರು ಒಂದು ವಾರದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಮತ್ತೆ ಮತ್ತೆ ಓದಿದವರಿಗೆ ತಮಗೆ ಚೆನ್ನಾಗಿ ನೆನಪಿರುತ್ತದೆಂಬ ಭರವಸೆಯೂ ಹೆಚ್ಚಿತ್ತು. ವಿಡಿಯೊ ಮುಗಿದ ಕ್ಷಣ "ಎಲ್ಲ ಅರ್ಥವಾಯಿತು" ಅನ್ನಿಸುವುದು ಆ ಭರವಸೆಯೇ.

ಸೋಮವಾರಪೇಟೆ ಓದುಗ
ಇನ್ನೊಂದು ಅಧ್ಯಯನವೂ ಇಲ್ಲಿಗೆ ಹೊಂದುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಮುದಾಯ ಕಾಲೇಜುಗಳ ನಲವತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ದಾಖಲೆಗಳನ್ನು ನೋಡಿ ಷು ಮತ್ತು ಜಾಗರ್ಸ್ ಎಂಬ ಸಂಶೋಧಕರು 2014ರಲ್ಲಿ ಬರೆದ ಪ್ರಬಂಧವದು. ಅದೇ ವಿದ್ಯಾರ್ಥಿಗಳು ಎದುರುಬದುರಿನ ತರಗತಿಗಿಂತ ಆನ್‌ಲೈನ್ ತರಗತಿಯಲ್ಲಿ ಹಿಂದೆ ಬಿದ್ದಿದ್ದರು. ಎಲ್ಲ ಗುಂಪುಗಳೂ ಹಿಂದೆ ಬಿದ್ದರೂ, ಗಂಡುಹುಡುಗರು, ಕಿರಿಯ ವಯಸ್ಸಿನವರು ಮತ್ತು ಮೊದಲೇ ಅಂಕ ಕಡಿಮೆ ಇದ್ದವರು ಇನ್ನೂ ಹೆಚ್ಚು ಹಿಂದೆ ಬಿದ್ದಿದ್ದರು. ಗೋಣಿಕೊಪ್ಪಲಿನ ಹಿರಿಯರು ಹೇಳಿದ ಮಾತಿನಲ್ಲಿ ಸತ್ಯವಿದೆ ಎಂಬುದನ್ನು ನಾನು ಒಪ್ಪಿಕೊಳ್ಳಲೇಬೇಕು.

ಭಾಗಮಂಡಲ ಮಳೆ
ಹಾಗಾದರೆ ವಿಶ್ವವಿದ್ಯಾಲಯಕ್ಕೆ ಹೊಣೆ ಇಲ್ಲವೇ? ಶುಲ್ಕ ತೆಗೆದುಕೊಂಡು ವಿಡಿಯೊ ಕೊಟ್ಟು ಕೈತೊಳೆದುಕೊಂಡರೆ ಮುಗಿಯಿತೇ? ಹುಡುಗ ಮೊದಲ ಸೆಮಿಸ್ಟರ್‌ನಲ್ಲಿ 16 ಅಂಕ ತೆಗೆದಾಗ ಒಬ್ಬರಾದರೂ ಫೋನ್ ಮಾಡಿ ಕೇಳಿದರೇ? ನಾವೆಲ್ಲ ಸೇರಿ ಹುಡುಗನಿಗೆ ಹೇಗೆ ಓದಬೇಕೆಂದು ಹೇಳುತ್ತಿದ್ದೇವೆ, ಓದಿಸುವವರಿಗೆ ಯಾರೂ ಏನೂ ಹೇಳುತ್ತಿಲ್ಲ.

ಪೊನ್ನಂಪೇಟೆ ಉಪನ್ಯಾಸಕ
ಹೊಣೆ ಖಂಡಿತ ಇದೆ. ಆನ್‌ಲೈನ್ ಕೋರ್ಸ್ ಎಂದರೆ ವಿಡಿಯೊ, ಓದುವ ಸಾಮಗ್ರಿ, ಸ್ವಯಂ ಪರೀಕ್ಷೆ, ಚರ್ಚೆ ಈ ನಾಲ್ಕೂ ಸೇರಿದ ವ್ಯವಸ್ಥೆಯಾಗಿರಬೇಕು. ನಾಲ್ಕನೆಯದು, ಅಂದರೆ ವಿದ್ಯಾರ್ಥಿ ಕೇಳಿ ಅಧ್ಯಾಪಕ ಉತ್ತರಿಸುವ ಜಾಗ, ಬಹಳ ಕಡೆ ಹೆಸರಿಗಷ್ಟೇ ಇದೆ. ಅದನ್ನು ಬಳಸಿ, ಉತ್ತರ ಬಾರದಿದ್ದರೆ ಕೋರ್ಸ್ ಸಂಯೋಜಕರಿಗೆ ಬರೆಯಿರಿ, ಅಲ್ಲೂ ಬಾರದಿದ್ದರೆ ಕುಂದುಕೊರತೆ ವಿಭಾಗಕ್ಕೆ ಬರೆಯಿರಿ. "ನನಗೆ ಏನೂ ಅರ್ಥವಾಗುತ್ತಿಲ್ಲ" ಎಂದು ಬರೆದರೆ ಉತ್ತರ ಬರುವುದು ಕಷ್ಟ. "ಇಂಥ ಘಟಕದ ಇಂಥ ಲೆಕ್ಕವನ್ನು ಹೀಗೆ ಬಿಡಿಸಿದ್ದೇನೆ, ಇಲ್ಲಿ ತಾಳೆಯಾಗುತ್ತಿಲ್ಲ" ಎಂದು ಹಾಳೆಯ ಫೋಟೊ ಸಮೇತ ಬರೆದರೆ ಬಹುತೇಕ ಅಧ್ಯಾಪಕರು ಉತ್ತರಿಸುತ್ತಾರೆ.

ಅಮ್ಮತ್ತಿ ಅಕ್ಕ
ನಾಪೋಕ್ಲಿನ ತಮ್ಮಾ, ಒಂದು ಮಾತು. ಮನೆಯಲ್ಲಿ ಹೇಳಿಲ್ಲ ಎಂದು ಬರೆದೆಯಲ್ಲ, ನನ್ನ ಮನಸ್ಸು ಅಲ್ಲೇ ನಿಂತಿದೆ. ಫಲಿತಾಂಶವನ್ನು ಬಚ್ಚಿಟ್ಟುಕೊಂಡು ಓದುವುದು ಬಹಳ ಭಾರ. ಅಪ್ಪನಿಗೆ ಆರೋಗ್ಯ ಸರಿಯಿಲ್ಲವೆಂದು ಹಿಂಜರಿಯುತ್ತಿದ್ದರೆ ಮೊದಲು ಅಮ್ಮನಿಗೋ ಅಜ್ಜಿಗೋ ಹೇಳು. ರಾತ್ರಿ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಯಾವುದೂ ಬೇಡವೆನಿಸುತ್ತಿದೆ ಎಂದಾದರೆ 14416ಕ್ಕೆ ಕರೆ ಮಾಡು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರಿಂದ ನಡೆಯುತ್ತಿದೆ. ಉಚಿತ, ದಿನದ ಯಾವ ಹೊತ್ತಿಗೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಗೋಣಿಕೊಪ್ಪಲು ಹಿರಿಯ
ಅಕ್ಕ ಹೇಳಿದ್ದು ಸರಿ. ನಾನೂ ಒಬ್ಬ ತಂದೆ. ಮಗ ಅನುತ್ತೀರ್ಣನಾದ ಎಂಬುದಕ್ಕಿಂತ, ಅದನ್ನು ನನಗೆ ಹೇಳಲು ಹೆದರಿದ ಎಂಬುದು ಹೆಚ್ಚು ನೋವು ಕೊಡುತ್ತದೆ. ಹೇಳಪ್ಪ.

ನಾಪೋಕ್ಲು ಕಡೆಯವನು
ನಿದ್ದೆ, ಊಟಕ್ಕೆ ತೊಂದರೆಯಿಲ್ಲ ಅಕ್ಕ. ಅಮ್ಮನಿಗೆ ನಿನ್ನೆ ರಾತ್ರಿ ಹೇಳಿದೆ. ಕುಯ್ಲಿನಲ್ಲಿ ಸಂಜೆಯ ತೂಕ ಬರೆಯುವ ಕೆಲಸವನ್ನು ಚಿಕ್ಕಪ್ಪ ನೋಡಿಕೊಳ್ಳುತ್ತಾರೆ ಎಂದರು. ಅಪ್ಪನಿಗೆ ಅಮ್ಮನೇ ಹೇಳುತ್ತಾರಂತೆ.

ಕೈಪಿಡಿಯನ್ನೂ ಓದಿದೆ. ಕೊನೆಯ ಪರೀಕ್ಷೆಗೆ ಪ್ರತ್ಯೇಕ ಕನಿಷ್ಠ ಇದೆ, ಆಂತರಿಕ ಅಂಕ ಹಾಗೇ ಮುಂದುವರಿಯುತ್ತದೆ. ಮೂರನ್ನೂ ಒಟ್ಟಿಗೆ ಬರೆಯುವುದು ಬೇಡ ಎನ್ನುವುದಾದರೆ, ಯಾವುದನ್ನು ಮೊದಲು ಹಿಡಿಯಲಿ?

ಕುಶಾಲನಗರದವ
ವ್ಯವಹಾರ ಕಾನೂನು. ಓದಿ ಬರೆದರೆ ಬೇಗ ಮುಗಿಯುತ್ತದೆ, ಒಂದು ಪಾಸಾದರೆ ಧೈರ್ಯ ಬರುತ್ತದೆ.

ಲೆಕ್ಕದ ಮೇಡಂ
ನಾನು ಒಪ್ಪುವುದಿಲ್ಲ. ಲೆಕ್ಕಶಾಸ್ತ್ರವನ್ನೇ ಮೊದಲು ಹಿಡಿಯಬೇಕು. ಮುಂದಿನ ವರ್ಷಗಳ ಕಂಪನಿ ಲೆಕ್ಕಶಾಸ್ತ್ರ, ವೆಚ್ಚ ಲೆಕ್ಕಶಾಸ್ತ್ರ, ಆದಾಯ ತೆರಿಗೆ ಇವೆಲ್ಲ ಅದರ ಮೇಲೇ ನಿಂತಿವೆ. ಅದನ್ನು ಬಾಕಿ ಇಟ್ಟು ಮುಂದೆ ಹೋದರೆ ಬಾಕಿ ವಿಷಯಗಳ ಸಾಲು ಬೆಳೆಯುತ್ತದೆ. ಕಾನೂನನ್ನು ಕುಯ್ಲಿನ ದಿನಗಳ ಬಿಡುವಿನಲ್ಲೂ ಓದಬಹುದು, ಲೆಕ್ಕಕ್ಕೆ ಕುಳಿತು ಬರೆಯುವ ಹೊತ್ತು ಬೇಕು.

ಕುಶಾಲನಗರದವ
ಮೇಡಂ ಹೇಳಿದ ಮೇಲೆ ನನ್ನ ಸಲಹೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಮಡಿಕೇರಿ ಗ್ರಂಥಪ್ರೇಮಿ
ಕುಳಿತು ಬರೆಯಲು ಜಾಗ ಬೇಕೆಂದರೆ, ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರ, ನಿಮ್ಮಲ್ಲಿ ತೆರೆದಿದೆಯೇ ನೋಡಿ. ಕೆಲವು ಕಡೆ ಕಂಪ್ಯೂಟರ್ ಕೂಡ ಇದೆ. ತೆರೆದಿರುವ ಸಮಯವನ್ನು ಮೊದಲೇ ವಿಚಾರಿಸಿಕೊಳ್ಳಿ.

ಸಿದ್ದಾಪುರ ಹುಡುಗಿ
ನನಗೂ ಅದೇ ಲೆಕ್ಕಶಾಸ್ತ್ರದ ಪರೀಕ್ಷೆ ಬರೆಯಲಿದೆ. ವಾರಕ್ಕೊಮ್ಮೆ ಒಂದೇ ಪ್ರಶ್ನೆಯನ್ನು ಇಬ್ಬರೂ ಬೇರೆ ಬೇರೆ ಬಿಡಿಸಿ, ಹಾಳೆಯ ಫೋಟೊ ಇಲ್ಲಿ ಹಾಕಿದರೆ ಯಾರಾದರೂ ತಿದ್ದಿಕೊಡುತ್ತೀರಾ? ಫೋಟೊ ಕಳಿಸುವಷ್ಟು ನೆಟ್‌ವರ್ಕ್ ಎಲ್ಲರಿಗೂ ಸಿಗುತ್ತದೆ.

ಲೆಕ್ಕದ ಮೇಡಂ
ನಾನು ತಿದ್ದುತ್ತೇನೆ. ಭಾನುವಾರ ಸಂಜೆಯೊಳಗೆ ಹಾಕಿ. ನೋಂದಣಿ ಸಂಖ್ಯೆ, ಹೆಸರು ಕಾಣದಂತೆ ಫೋಟೊ ತೆಗೆಯಿರಿ. ತಪ್ಪಾಗಿದೆಯೆಂದು ಹರಿದು ಹೊಸದಾಗಿ ಬರೆಯಬೇಡಿ, ತಪ್ಪು ಎಲ್ಲಿ ಶುರುವಾಯಿತೆಂದು ನನಗೆ ಕಾಣಬೇಕು. ಮೊದಲ ವಾರದ ಪ್ರಶ್ನೆ: ಜುಲೈ 1ರಂದು 80,000 ರೂಪಾಯಿಗೆ ಕೊಂಡ ಯಂತ್ರ, ಸ್ಥಾಪನೆಯ ಖರ್ಚು 20,000, ಲೆಕ್ಕ ಮುಗಿಸುವುದು ಮಾರ್ಚ್ 31ಕ್ಕೆ, ಇಳಿಕೆಯಾಗುತ್ತ ಬರುವ ಬೆಲೆಯ ಮೇಲೆ ಶೇಕಡ 10 ಸವಕಳಿ. ಮೂರು ವರ್ಷದ ಯಂತ್ರದ ಖಾತೆ ತಯಾರಿಸಿ.

ನಾಪೋಕ್ಲು ಕಡೆಯವನು
ಸ್ಥಾಪನೆಯ ಖರ್ಚನ್ನು ಯಂತ್ರದ ಬೆಲೆಗೇ ಸೇರಿಸಬೇಕಲ್ಲವೇ, ಮೇಡಂ?

ಲೆಕ್ಕದ ಮೇಡಂ
ಸೇರಿಸಬೇಕು. ಉಳಿದದ್ದನ್ನು ಹಾಳೆಯ ಮೇಲೆ ತೋರಿಸು.